ಗೋಡೆಯ ಮೇಲಿನ ಹುಡುಗಿಯ ಹಲ್ಲು

ಮಗಳ ಹಲ್ಲಿನ ವಿಷಯದಲ್ಲಿ ಇನ್ನು ಕೊನೆಯ ಮಾತು ನನ್ನದು ಎಂದು ಒಂದು ಭಾನುವಾರ ಬೆಳಿಗ್ಗೆ ನಾನು ಕಾಫಿ ಲೋಟವನ್ನು ಟಪ್ಪೆಂದು ಕೆಳಗಿಟ್ಟು ಘೋಷಿಸಿದೆ. ಘೋಷಿಸುವ ಹಕ್ಕು ನನಗಿತ್ತು. ಇಪ್ಪತ್ತೆರಡು ವರ್ಷದಿಂದ ಫೋಟೋ ಸ್ಟುಡಿಯೋ ನಡೆಸುತ್ತಿದ್ದೇನೆ. ಊರಿನ ಅರ್ಧ ಮುಖಗಳು ನನ್ನ ಸ್ಟೂಲಿನ ಮೇಲೆ ಕೂತು, ನಾನು "ಗದ್ದ ಸ್ವಲ್ಪ ಕೆಳಗೆ" ಎಂದಾಗ ಗದ್ದ ಇಳಿಸಿ, "ಹಾಂ, ಈಗ ನಗಿ" ಎಂದಾಗ ನಕ್ಕು ಹೋಗಿವೆ. ಯಾರ ಎಡಗಣ್ಣು ಬಲಗಣ್ಣಿಗಿಂತ ಚಿಕ್ಕದು, ಯಾರ ಮೂಗು ಯಾವ ಕಡೆ ವಾಲಿದೆ ಎಂಬುದು ಅವರವರ ಹೆಂಡತಿಯರಿಗಿಂತ ಚೆನ್ನಾಗಿ ನನಗೆ ಗೊತ್ತು. ಇಂಥ ಮುಖಶಾಸ್ತ್ರಜ್ಞನ ಮನೆಯಲ್ಲಿ ಒಂದೇ ಒಂದು ಕೋರೆಹಲ್ಲಿನ ವ್ಯಾಜ್ಯ ಮೂರು ವಾರದಿಂದ ಇತ್ಯರ್ಥವಾಗದೆ ಬಿದ್ದಿದೆ ಎಂದರೆ ಏನರ್ಥ!

ವ್ಯಾಜ್ಯ ಇಷ್ಟೇ. ನಮ್ಮ ಮಗಳು ಗುಬ್ಬಿಗೆ ಹದಿಮೂರು ವರ್ಷ. ಗುಬ್ಬಿ ಎನ್ನುವುದು ಮನೆಯ ಹೆಸರು. ಶಾಲೆಯ ಹೆಸರು ಕರೆದರೆ ಅವಳೇ ತಿರುಗಿ ನೋಡುವುದಿಲ್ಲ. ಅವಳ ಮೇಲ್ಸಾಲಿನ ಎಡಗಡೆಯ ಕೋರೆಹಲ್ಲು ತಡವಾಗಿ ಬಂದು, ಬಸ್ಸಿನಲ್ಲಿ ಸೀಟು ಸಿಗದವರ ಹಾಗೆ, ಪಕ್ಕದ ಹಲ್ಲಿನ ಹೆಗಲ ಮೇಲೆ ಕೂತಿದೆ. ನಗುವಾಗ ಅವಳು ಬಾಯಿಗೆ ಅಂಗೈ ಅಡ್ಡ ಹಿಡಿಯುತ್ತಾಳೆ. ಇತ್ತೀಚೆಗೆ ಅಂಗೈಗೂ ಕೆಲಸವಿರಲಿಲ್ಲ. ನಗುವುದನ್ನೇ ಬಿಟ್ಟಿದ್ದಳು.

ಸರಿಪಡಿಸಲು ದಾರಿ ಎರಡು. ಒಂದು, ಹಲ್ಲಿಗೆ ಲೋಹದ ಕ್ಲಿಪ್ ಅಂಟಿಸಿ ತಂತಿ ಬಿಗಿಯುವುದು. ಇನ್ನೊಂದು ಅಲೈನರ್, ಅಂದರೆ ಗಾಜಿನಂತೆ ತೆಳ್ಳಗಿನ ಪ್ಲಾಸ್ಟಿಕ್ ಕವಚ. ಹಾಕಿದ್ದು ಯಾರಿಗೂ ಕಾಣುವುದಿಲ್ಲ, ಎರಡು ವಾರಕ್ಕೊಮ್ಮೆ ಬದಲಾಯಿಸುತ್ತ ಹೋಗಬೇಕು.

ನನ್ನ ಹೆಂಡತಿ ಕ್ಲಿಪ್ ಪಕ್ಷ. ಅವಳು ನಕ್ಷೆ ಬರೆಯುವ ಕಚೇರಿಯಲ್ಲಿದ್ದಾಳೆ. ಕೂದಲೆಳೆಯಷ್ಟು ಗೆರೆ ಆಚೀಚೆಯಾದರೆ ಒಬ್ಬರ ಹಿತ್ತಿಲು ಇನ್ನೊಬ್ಬರ ಪಾಲಾಗುವ ಕೆಲಸ ಅದು. ಅವಳ ಚೀಲದಲ್ಲಿ ಬಾಚಣಿಗೆ ಇಲ್ಲದಿದ್ದರೂ ಭೂತಗನ್ನಡಿ ಇರುತ್ತದೆ.

"ತೆಗೆದು ಹಾಕೋ ವಸ್ತು ಇವಳ ಕೈಲಿ ಎರಡು ದಿನ ಉಳಿಯಲ್ಲ ರೀ. ಈ ವರ್ಷ ಮೂರು ಛತ್ರಿ ಕಳೆದಿದ್ದಾಳೆ. ಹಲ್ಲಿನ ಕವಚ ಊಟದ ಡಬ್ಬಿ ಜೊತೆ ತೊಳೆದು ಚೆಲ್ತಾಳೆ."

"ಮುಖದ ತುಂಬ ತಂತಿ ಕಟ್ಕೊಂಡು ಓಡಾಡಬೇಕಾ ಮಗು? ಕಾಣದ ಹಾಗೆ ಕೆಲಸ ಆಗೋದಾದರೆ ಕಾಣೋ ಹಾಗೆ ಯಾಕೆ?" ಎಂದು ನಾನು.

ಗುಬ್ಬಿ ಏನನ್ನುತ್ತಾಳೆ ಎಂದು ನೀವು ಕೇಳಬಹುದು. ನಾವು ಕೇಳಿರಲಿಲ್ಲ.

ನಾನು ಘೋಷಿಸಿದ್ದು ಹೀಗೆ: "ಬಾಯಿಮಾತು ಬೇಡ, ಸಾಕ್ಷಿ ಬೇಕು. ಒಂದು ವಾರ ಎರಡನ್ನೂ ಪರೀಕ್ಷೆ ಮಾಡಿ ತೀರ್ಪು ಕೊಡ್ತೀನಿ. ಈ ಮನೆಯಲ್ಲಿ ಮುಖಗಳ ಬಗ್ಗೆ ತಿಳಿದೋನು ನಾನೊಬ್ಬನೇ."

"ಆಗಲಿ," ಎಂದಳು ಹೆಂಡತಿ. ಅವಳು ಇಷ್ಟು ಸುಲಭವಾಗಿ ಒಪ್ಪಿದಾಗಲೇ ನಾನು ಎಚ್ಚರಗೊಳ್ಳಬೇಕಿತ್ತು.

ಹಲ್ಲಿನ ಡಾಕ್ಟರಿಗೆ ಮೂವತ್ತೆರಡು, ಮೂವತ್ತಮೂರು ಇರಬಹುದು. ಇರಬಹುದು ಎಂದೇಕೆ ಅನ್ನುತ್ತೇನೆಂದರೆ, ಅವರ ಮುಖದಲ್ಲಿ ಕಣ್ಣು ಬಿಟ್ಟು ಬೇರೇನೂ ನನಗೆ ಕಂಡಿರಲಿಲ್ಲ. ಬಂದಾಗಲೂ ಮಾಸ್ಕು, ಹೋಗುವಾಗಲೂ ಮಾಸ್ಕು. ಮುಖ ಓದುವ ನನಗೆ ಅರ್ಧ ಮುಖದವರ ಜೊತೆ ಮಾತಾಡುವುದೆಂದರೆ ಏನೋ ಇರುಸುಮುರುಸು. ಅವರು ಎಕ್ಸ್‌ರೇ ತೆಗೆದರು, ಅಳತೆ ತೆಗೆದುಕೊಂಡರು. ಎರಡೂ ವಿಧಾನ ನಡೆಯುತ್ತದೆ, ನಿಧಾನವಾಗಿ ಯೋಚಿಸಿ ಎಂದರು. ನಮಗೆ ಯೋಚಿಸಲು ಅನುಕೂಲವಾಗಲೆಂದು ಗುಬ್ಬಿಯ ಹಲ್ಲಿನ ಎರಡು ಪ್ಲಾಸ್ಟರ್ ಅಚ್ಚು ಮಾಡಿಕೊಟ್ಟರು. ಒಂದಕ್ಕೆ ಕ್ಲಿಪ್ಪು ತಂತಿ, ಇನ್ನೊಂದಕ್ಕೆ ಕಾಣದ ಕವಚ.

"ಹಳೇ ಫೋಟೋ ಇದ್ದರೆ ಮುಂದಿನ ಸಲ ತನ್ನಿ ಸರ್. ಕೋರೆಹಲ್ಲು ಯಾವಾಗಿಂದ ಹೀಗಿದೆ ಅಂತ ತಿಳಿದರೆ ಒಳ್ಳೇದು."

"ಫೋಟೋನಾ?" ಎಂದು ನಾನು ಕುರ್ಚಿಯಲ್ಲಿ ಒಂದಂಗುಲ ಮೇಲೆದ್ದೆ. "ಮೇಡಂ, ನೀವು ಕೇಳಬಾರದವರನ್ನ ಕೇಳಿಬಿಟ್ರಿ. ಮನುಷ್ಯರ ನೆನಪು ಕೈಕೊಡಬಹುದು. ನನ್ನ ಫೋಟೋ ಸುಳ್ಳು ಹೇಳಲ್ಲ."

ಗುಬ್ಬಿ ಕಿಟಕಿಯ ಕಡೆ ನೋಡುತ್ತಿದ್ದಳು.

ಅಚ್ಚುಗಳನ್ನು ಮನೆಗೆ ತಂದು ಊಟದ ಮೇಜಿನ ಮೇಲೆ, ಉಪ್ಪಿನ ಡಬ್ಬಿಯ ಪಕ್ಕ, ಎಲ್ಲರಿಗೂ ಕಾಣುವಂತೆ ಇಟ್ಟೆ. ಇಟ್ಟ ಮೇಲೆ ತಿಳಿಯಿತು, ಅವು ಎಲ್ಲರನ್ನೂ ನೋಡುತ್ತಿವೆ ಎಂದು. ಮಗಳು ಶಾಲೆಯಲ್ಲಿದ್ದಾಳೆ, ಮಗಳ ಬಾಯಿ ಮೇಜಿನ ಮೇಲಿದೆ. ತುಟಿಯಿಲ್ಲ, ಕೆನ್ನೆಯಿಲ್ಲ, ಬರೀ ನಗು. ಮೂರು ವಾರದಿಂದ ನಮ್ಮ ಮನೆಯಲ್ಲಿ ಯಾರೂ ನಗದ ಹಾಗೆ ಅವು ಎರಡೇ ನಗುತ್ತಿದ್ದವು.

"ಅದನ್ನ ಆ ಕಡೆ ತಿರುಗಿಸಿ ರೀ. ನಾನು ತಿನ್ನೋದನ್ನೇ ನೋಡ್ತಾ ಇವೆ."

"ಹಲ್ಲಿಗೆ ಕಣ್ಣಿರಲ್ಲ ಕಣೇ."

"ಅದಕ್ಕೇ ಹೆದರಿಕೆ."

ಎರಡನ್ನೂ ಗೋಡೆಯ ಕಡೆ ತಿರುಗಿಸಿದೆ. ಮರುದಿನ ಬೆಳಿಗ್ಗೆ ನಾನು ಹಲ್ಲುಜ್ಜಿ ಬರುವಷ್ಟರಲ್ಲಿ ಎರಡೂ ನಮ್ಮ ಕಡೆ ತಿರುಗಿದ್ದವು. ಹೆಂಡತಿಯನ್ನು ಕೇಳಿದೆ. ತಾನು ಮುಟ್ಟಿಲ್ಲ ಎಂದಳು. ಅವಳು ನನ್ನನ್ನು ಕೇಳಿದಳು. ನಾನೂ ಮುಟ್ಟಿರಲಿಲ್ಲ. ಮತ್ತೆ ತಿರುಗಿಸಿದೆ. ಅದರ ಮರುದಿನ ಮತ್ತೆ ನಮ್ಮ ಕಡೆ. ಮೂರನೆಯ ದಿನ ಹೆಂಡತಿ ಅಡುಗೆಮನೆಯಲ್ಲಿ ನಿಂತುಕೊಂಡೇ ತಿಂಡಿ ತಿಂದಳು. ನಾನು ಧೈರ್ಯವಂತನಾದ್ದರಿಂದ ಮೇಜಿನ ಬಳಿಯೇ ಕೂತೆ, ಆದರೆ ಪತ್ರಿಕೆಯನ್ನು ಅಗಲವಾಗಿ ಬಿಡಿಸಿ ನಡುವೆ ಹಿಡಿದುಕೊಂಡೆ.

ಗುಬ್ಬಿ ಮಾತ್ರ ಅವುಗಳ ಎದುರೇ ಕೂತು ತಿನ್ನುತ್ತಿದ್ದಳು.

"ಅಲೈನರ್ ಹಾಕಿಸ್ಕೊಂಡ್ರೆ ಎಷ್ಟು ಚೆನ್ನಾಗಿ ಕಾಣ್ತೀಯ ಗೊತ್ತಾ ಮಗಳೇ?" ಎಂದೆ.

"ಗೋಡೆ ಮೇಲಿರೋಳ ಥರಾನಾ?"

ಗೋಡೆಯ ಮೇಲಿರುವವಳು ಅಂದರೆ ಅವಳೇ. ನಡುಮನೆಯಿಂದ ಅಡುಗೆಮನೆಗೆ ಹೋಗುವ ಕಿರಿದಾದ ದಾರಿಯ ಗೋಡೆಯಲ್ಲಿ ನಮ್ಮ ಕುಟುಂಬದ ಫೋಟೋಗಳಿವೆ. ಗುಬ್ಬಿಯದು ವರ್ಷಕ್ಕೊಂದು, ಹುಟ್ಟಿದ ತಿಂಗಳು ತೆಗೆದದ್ದು. ಎಲ್ಲ ನಾನೇ ತೆಗೆದು, ಒಪ್ಪ ಮಾಡಿ, ಕಟ್ಟು ಹಾಕಿಸಿದವು.

"ಅವಳೂ ನೀನೇ ಅಲ್ವೇನೇ?" ಎಂದು ನಕ್ಕೆ.

"ಅಲ್ಲ," ಎಂದು ಚೀಲ ಹೆಗಲಿಗೇರಿಸಿ ಶಾಲೆಗೆ ಹೊರಟಳು. ಹರೆಯದ ಮಕ್ಕಳು ಹೀಗೆ ಏನೇನೋ ಅನ್ನುತ್ತಾರೆ ಎಂದು ನಾನು ಪತ್ರಿಕೆ ಮಡಚಿದೆ.

ವಾರ ಕಳೆದು ಮೂವರೂ ಮತ್ತೆ ಡಾಕ್ಟರ ಹತ್ತಿರ ಹೋದೆವು. ನಾನು ಆಲ್ಬಮನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿದ್ದೆ. ಡಾಕ್ಟರ್ ಒಂದೊಂದೇ ಪುಟ ತಿರುಗಿಸಿದರು. ಹನ್ನೊಂದು, ಹನ್ನೆರಡು, ಹದಿಮೂರು. ತಿರುಗಿಸುವ ಕೈ ನಿಧಾನವಾಯಿತು. ಹಿಂದೆ ಹೋದರು, ಮುಂದೆ ಬಂದರು. ಮಾಸ್ಕಿನ ಮೇಲಿನ ಕಣ್ಣು ಕಿರಿದಾಯಿತು.

"ಕೊನೇದು ಯಾವಾಗ ತೆಗೆದದ್ದು ಸರ್?"

"ಮೂರು ತಿಂಗಳ ಹಿಂದೆ."

"ಇದರಲ್ಲಿ ಕೋರೆಹಲ್ಲು ಸರಿಯಾಗಿದೆಯಲ್ಲ."

ಬಾಗಿ ನೋಡಿದೆ. ಹೌದು. ಮುತ್ತು ಪೋಣಿಸಿದ ಹಾಗೆ ಸಾಲಾಗಿತ್ತು.

"ಇಲ್ಲ ಮೇಡಂ," ಎಂದಳು ಹೆಂಡತಿ. "ಎರಡು ವರ್ಷದಿಂದ ಹಲ್ಲು ಹೀಗೇ ಇದೆ. ನಾನೇ ದಿನಾ ನೋಡ್ತೀನಿ."

"ಫೋಟೋ ನೋಡು," ಎಂದೆ.

ಅವಳು ನೋಡಿದಳು. ಮಗಳ ಮುಖ ನೋಡಿದಳು. ಮತ್ತೆ ಫೋಟೋ ನೋಡಿದಳು. "ಹಾಗಾದರೆ ನನಗೆ ನೆನಪಿರೋದು ಏನು?" ಎಂದು ಮೆಲ್ಲಗೆ ಕೇಳಿದಳು.

"ಮೊದಲಿಂದಲೂ ಹೀಗೇ ಇದೆ," ಎಂದಳು ಗುಬ್ಬಿ.

"ನಿನಗೆ ನೆನಪಿರಲ್ಲ ಮಗಳೇ, ಸುಮ್ನಿರು," ಎಂದವನು ನಾನು. ಈ ಮಾತು ಈಗ ಬರೆಯುವಾಗಲೂ ನನ್ನ ಕಿವಿ ಬಿಸಿಯಾಗುತ್ತದೆ. ಗುಬ್ಬಿ ನನ್ನನ್ನೇ ಒಂದು ಕ್ಷಣ ದಿಟ್ಟಿಸಿದಳು, ಏನನ್ನೋ ಕಾಯುತ್ತಿರುವವಳ ಹಾಗೆ.

ಡಾಕ್ಟರ್ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. "ಹಲ್ಲು ಮೂರೇ ತಿಂಗಳಲ್ಲಿ ಇಷ್ಟು ದೂರ ತಾನಾಗಿ ಹೋಗಲ್ಲ. ಒಳಗಿಂದ ಏನೋ ತಳ್ತಿರಬೇಕು."

"ಏನು ತಳ್ತಿದೆ?"

"ಇದರಲ್ಲಿ ಏನೂ ಕಾಣ್ತಿಲ್ಲ. ಅದೇ ನನಗೆ ಚಿಂತೆ. ಕ್ಲಿಪ್ಪೂ ಬೇಡ, ಅಲೈನರೂ ಬೇಡ, ಸದ್ಯಕ್ಕೆ ಎರಡನ್ನೂ ನಿಲ್ಲಿಸೋಣ. ದೊಡ್ಡಾಸ್ಪತ್ರೆಗೆ ಬರೆದುಕೊಡ್ತೀನಿ, ಗುರುವಾರ ಸ್ಕ್ಯಾನ್ ಮಾಡಿಸಿ. ಬೆಳಿಗ್ಗೆ ಹೋಗೋ ಮುಂಚೆ ಇಲ್ಲಿ ಬಂದು ಚೀಟಿ ತಗೊಳ್ಳಿ. ಒಳಗೆ ಏನಾದರೂ ಇದ್ದರೆ ಆ ಹಲ್ಲು ಕಿತ್ತೇ ನೋಡಬೇಕಾಗಬಹುದು." ಆಲ್ಬಂ ಮುಚ್ಚುವ ಮುನ್ನ ಅವರು ಇನ್ನೊಮ್ಮೆ ಆ ಫೋಟೋ ನೋಡಿ, ತಮ್ಮಷ್ಟಕ್ಕೇ ಎಂಬಂತೆ, "ಈ ಹಲ್ಲನ್ನ ನಾನು ಎಲ್ಲೋ ನೋಡಿದ್ದೀನಿ. ಎಲ್ಲಿ ಅಂತ ಗೊತ್ತಾಗ್ತಿಲ್ಲ," ಎಂದರು. ಹಲ್ಲಿನ ಡಾಕ್ಟರಿಗೇ ಹೀಗೆ ಅನ್ನಿಸಿದರೆ ನಮ್ಮ ಗತಿ?

ಅಂದಿನಿಂದ ಮನೆ ಮನೆಯಾಗಿರಲಿಲ್ಲ. ನಾನು ಪ್ರತಿದಿನ ಬೆಳಿಗ್ಗೆ ಏಳಕ್ಕೆ ಗುಬ್ಬಿಯನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಹೆಂಡತಿಯ ಕಚೇರಿಯ ಡಿವೈಡರಿನಿಂದ ಕೋರೆಹಲ್ಲಿನ ದೂರ ಅಳೆಯತೊಡಗಿದೆ. ಹೆಂಡತಿ ಅದನ್ನು ಗ್ರಾಫ್ ಹಾಳೆಯಲ್ಲಿ ಗುರುತು ಹಾಕಿದಳು. ನಾಲ್ಕು ದಿನ, ನಾಲ್ಕು ಚುಕ್ಕೆ, ಒಂದೇ ಮಟ್ಟದಲ್ಲಿ.

"ಚೂರೂ ಅಲ್ಲಾಡಿಲ್ಲ," ಎಂದೆ. "ತಳ್ಳೋದು ನಿಂತಿದೆ ಅಂತ ಕಾಣತ್ತೆ."

"ನಾವು ನೋಡ್ತಿದ್ದೀವಿ ಅಂತ ನಿಂತಿರಬಹುದು," ಎಂದಳು ಅವಳು. ತಮಾಷೆಗಲ್ಲ.

ಅಳೆಯುವಾಗ ಗುಬ್ಬಿ ಬಾಯಿ ತೆರೆದು ಕಲ್ಲಿನ ಹಾಗೆ ಕೂತಿರುತ್ತಿದ್ದಳು. ಒಂದು ದಿನ ಡಿವೈಡರ್ ಹೊರಗೆ ತೆಗೆಯುತ್ತಿದ್ದಂತೆ, "ಗುರುವಾರ ನಾನು ಸ್ಕ್ಯಾನಿಗೆ ಬರಲ್ಲ. ಗೋಡೆ ಮೇಲಿರೋಳನ್ನ ಕರ್ಕೊಂಡು ಹೋಗಿ. ಹಲ್ಲು ಓಡಿಹೋಗಿರೋದು ಅವಳದ್ದು, ನಂದಲ್ಲ," ಎಂದಳು.

ನಾನೂ ಹೆಂಡತಿಯೂ ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ಪಿಸುಗುಟ್ಟಿದೆವು.

"ತಳ್ತಿರೋದು ತಲೆಗೂ ಏರಿದೆಯಾ ರೀ?"

"ಛೆ, ಹಾಗೆಲ್ಲ ಅನ್ನಬೇಡ," ಎಂದೆ. ಆದರೆ ನನಗೂ ಅದೇ ಭಯ. ಒಂದೇ ಒಂದು ಮಗು. ಅಂಗಡಿಯಲ್ಲಿ ಕೂತರೆ ಯಾರ ಫೋಟೋ ತೆಗೆಯುತ್ತಿದ್ದೇನೆ ಎಂಬುದೇ ನನಗೆ ತಿಳಿಯುತ್ತಿರಲಿಲ್ಲ. "ನಗಿ" ಅನ್ನಲು ಬಾಯಿ ಬರದೆ, ಆ ವಾರ ಊರಿನ ಹತ್ತು ಹನ್ನೆರಡು ಜನ ನನ್ನ ಕ್ಯಾಮೆರಾದಲ್ಲಿ ಗಂಭೀರವಾಗಿ ಸಿಕ್ಕಿಬಿದ್ದರು.

ಬುಧವಾರ ಸಂಜೆ ಆರೂವರೆಗೆ ಕರೆಂಟು ಹೋಯಿತು. ಮೇಣದಬತ್ತಿ ಅಡುಗೆಮನೆಯಲ್ಲಿತ್ತು. ತರಲು ಟಾರ್ಚು ಹಿಡಿದು ಆ ಕಿರಿದಾದ ದಾರಿಯಲ್ಲಿ ನಡೆದೆ. ಟಾರ್ಚಿನ ಬೆಳಕು ಗೋಡೆಯ ಮೇಲೆ ಸರಿಯಿತು. ಮುಖಗಳು ಕತ್ತಲೆಯಲ್ಲೇ ಉಳಿದವು, ಹಲ್ಲುಗಳು ಮಾತ್ರ ಒಂದಾದ ಮೇಲೊಂದು ಬೆಳಗಿದವು. ಹನ್ನೊಂದರ ಗುಬ್ಬಿ. ಹನ್ನೆರಡರ ಗುಬ್ಬಿ. ಹದಿಮೂರರ ಗುಬ್ಬಿ. ನಾನು ನಿಂತುಬಿಟ್ಟೆ.

ಬೆಳಕಿನ ವಿಷಯದಲ್ಲಿ ನನ್ನನ್ನು ಯಾರೂ ಯಾಮಾರಿಸಲಾರರು. ಈ ಫೋಟೋಗಳನ್ನೆಲ್ಲ ನಾನು ಎಡಗಡೆಯ ಕಿಟಕಿಯ ಬೆಳಕಲ್ಲಿ ತೆಗೆದದ್ದು. ಮೂಗಿನ ನೆರಳು ಬಲಕ್ಕೆ ಬಿದ್ದಿದೆ, ಕಣ್ಣಿನ ಮಿಂಚು ಎಡಕ್ಕಿದೆ. ಆದರೆ ಹಲ್ಲಿನ ಮೇಲಿನ ಹೊಳಪು ಬಲಗಡೆ ಇದೆ. ಎಲ್ಲದರಲ್ಲೂ ಬಲಗಡೆ, ಎಲ್ಲದರಲ್ಲೂ ಅದೇ ಜಾಗದಲ್ಲಿ. ಈ ಮುಖಕ್ಕೆ ಬಿದ್ದ ಬೆಳಕು ಈ ಹಲ್ಲಿಗೆ ಬಿದ್ದಿಲ್ಲ. ಈ ಹಲ್ಲು ಬೇರೆಲ್ಲೋ, ಬೇರಾವುದೋ ಬೆಳಕಿನಲ್ಲಿ ಕೂತು ನಗುತ್ತಿದೆ.

"ಇವಳೇ, ಸ್ವಲ್ಪ ಬಾ ಇಲ್ಲಿ," ಎಂದು ಕರೆದೆ. ಧ್ವನಿ ನನ್ನದಾಗಿರಲಿಲ್ಲ.

ಅವಳು ಭೂತಗನ್ನಡಿ ಸಮೇತ ಬಂದಳು. ಟಾರ್ಚು ನಾನು ಹಿಡಿದೆ. ಅವಳು ಗಡಿಕಲ್ಲು ಹುಡುಕುವವಳ ಹಾಗೆ ಒಂದೊಂದು ಹಲ್ಲನ್ನೂ ನೋಡುತ್ತ ಬಂದಳು.

"ಇಲ್ಲೊಂದು ಚಿಕ್ಕ ಮುಕ್ಕು ಇದೆ. ಮುಂದಿನ ಹಲ್ಲಿನ ತುದೀಲಿ, ಅಕ್ಕಿ ನುಚ್ಚಿನಷ್ಟು. ಗುಬ್ಬಿಗೆ ಇಂಥದ್ದಿಲ್ಲ."

"ಆ ಮೇಲಿನದ್ದರಲ್ಲಿ?"

"ಅದರಲ್ಲೂ ಇದೆ. ಇದರಲ್ಲೂ." ಅವಳು ಪಕ್ಕಕ್ಕೆ ಸರಿದಳು. ಅಲ್ಲಿದ್ದದ್ದು ನಮ್ಮ ಮದುವೆ ಫೋಟೋ. ಬಣ್ಣ ಮಾಸಿದೆ ಎಂದು ಐದು ವರ್ಷದ ಹಿಂದೆ ನಾನು ಹೊಸದಾಗಿ ಮುದ್ರಿಸಿ ಹಾಕಿದ್ದೆ. ಅವಳು ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋದಳು. ಮೆಲ್ಲಗೆ ಬೆರಳೆತ್ತಿ ತನ್ನ ಮುಂದಿನ ಹಲ್ಲಿನ ತುದಿ ಸವರಿಕೊಂಡಳು. "ನನಗೂ ಇದೆ ರೀ. ಇಲ್ಲಿ ಇದೆ. ಬಾಯಲ್ಲಿಲ್ಲ."

ನಾನು ಬೇಡ ಬೇಡವೆಂದರೂ ಟಾರ್ಚು ಮುಂದಿನ ಫೋಟೋದ ಮೇಲೆ ಹೋಯಿತು. ಅದು ತೀರಿಕೊಂಡ ನಮ್ಮ ಮಾವನವರದು. ತುಂಬು ನಗೆ. ಅದೇ ಸಾಲು, ಅದೇ ಬಲಗಡೆಯ ಹೊಳಪು, ಅದೇ ಮುಕ್ಕು.

"ರೀ," ಎಂದಳು ಹೆಂಡತಿ. "ಅಪ್ಪನಿಗೆ ಕೊನೇ ಎಂಟು ವರ್ಷ ಒಂದು ಹಲ್ಲೂ ಇರಲಿಲ್ಲ."

ನಾವಿಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ನಿಂತೆವು. ಗೋಡೆಯ ತುಂಬ ನಮ್ಮ ಮನೆಯವರು. ಎಲ್ಲರ ಬಾಯಲ್ಲೂ ಯಾರೋ ಒಬ್ಬರೇ ನಗುತ್ತಿದ್ದಾರೆ.

ಆಗ ನನ್ನ ಎಡಗೈಯ ಕಿರುಬೆರಳು ಅದುರಿತು. ಅದುರಿದ ಕೂಡಲೇ ನನಗೆಲ್ಲ ಹೊಳೆಯಿತು. ನಿಮಗೆ ಇಷ್ಟು ಹೊತ್ತಿಗೆ ಹೊಳೆದಿರಬಹುದು; ನೀವು ಫೋಟೋದವರಲ್ಲ, ಹಾಗಾಗಿ ಬೇಗ ಹೊಳೆಯುತ್ತದೆ.

ವಿಷಯ ಹೀಗೆ. ಹನ್ನೆರಡು ವರ್ಷದ ಹಿಂದೆ ಅಂಗಡಿಗೆ ಕಂಪ್ಯೂಟರ್ ತಂದಾಗ, ಯಾವುದೋ ಒಂದು ಒಳ್ಳೆಯ ನಗುವಿನಿಂದ ಹಲ್ಲಿನ ಸಾಲನ್ನು ಕತ್ತರಿಸಿ 'ಹಲ್ಲು ಒಂದು' ಎಂದು ಹೆಸರಿಟ್ಟು ಉಳಿಸಿಕೊಂಡಿದ್ದೆ. ಹಲ್ಲು ಎರಡು ಎಂದೂ ಬರಲಿಲ್ಲ, ಬೇಕಾಗಲಿಲ್ಲ. ಯಾರ ಹಲ್ಲು ಹಳದಿಯೋ, ಸೊಟ್ಟವೋ, ಇಲ್ಲವೇ ಇಲ್ಲವೋ, ಅವರ ಬಾಯಿಗೆ ಇವನ್ನು ಕೂರಿಸುವುದು. ಎಡಗೈ ಕಿರುಬೆರಳಲ್ಲಿ ಒಂದು ಕೀಲಿ ಒತ್ತಿದರೆ ಮೊಡವೆ, ಕಲೆ, ಕಪ್ಪು ಚುಕ್ಕೆ ಮಾಯ. ಇನ್ನೊಂದು ಒತ್ತಿದರೆ ಹಲ್ಲು ಹಾಜರ್. ಒತ್ತಿ ಒತ್ತಿ ಅದು ಎಷ್ಟು ರೂಢಿಯಾಗಿದೆಯೆಂದರೆ ಬೆರಳು ನನ್ನನ್ನು ಕೇಳುವುದಿಲ್ಲ. ಫೋನಿನಲ್ಲಿ ಮಾತಾಡುತ್ತಲೇ ನಾನು ಒಂದು ಇಡೀ ಮದುವೆ ದಿಬ್ಬಣಕ್ಕೆ ಹಲ್ಲು ಕಟ್ಟಿಬಿಡುತ್ತೇನೆ. ಹಾಗೆ ಮಗಳಿಗೂ ಕಟ್ಟಿದ್ದೆ, ವರ್ಷ ವರ್ಷವೂ. ಕಟ್ಟಿ ಮರೆತಿದ್ದೆ. ಮರೆತು, ಆಲ್ಬಂ ಹಿಡಿದು ಎದೆ ಸೆಟೆಸಿ ಡಾಕ್ಟರ ಮುಂದೆ ಕೂತಿದ್ದೆ.

ಎಲ್ಲ ಹೇಳಿಕೊಂಡೆ. ಹೆಂಡತಿ ನನ್ನ ಕೈ ಬಿಟ್ಟಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಾಯೆನಿಸುತ್ತಿತ್ತು.

"ಹಾಗಾದರೆ ಇವು ಯಾರ ಹಲ್ಲು?" ಎಂದಳು.

"ನೆನಪಿಲ್ಲ."

"ಹದಿನಾರು ವರ್ಷ ನಿಮ್ಮ ಜೊತೆ ಸಂಸಾರ ಮಾಡಿ, ಗೋಡೆ ಮೇಲೆ ಯಾರದೋ ಹಲ್ಲಲ್ಲಿ ನಗ್ತಾ ಇದ್ದೀನಿ."

"ಗುಬ್ಬಿಗೆ ಏನೂ ಆಗಿಲ್ಲ ಅಂತಾಯ್ತಲ್ಲ," ಎಂದೆ. "ಒಳಗಿಂದ ಯಾರೂ ತಳ್ತಿಲ್ಲ. ತಳ್ಳಿದ್ದು ನಾನು."

"ನನಗೆ ಗೊತ್ತಿತ್ತು."

ಗುಬ್ಬಿ ದಾರಿಯ ಆ ತುದಿಯಲ್ಲಿ ನಿಂತಿದ್ದಳು. ಒಂದು ಕೈಯಲ್ಲಿ ಮೇಣದಬತ್ತಿ, ಇನ್ನೊಂದರಲ್ಲಿ ತನ್ನದೇ ಪ್ಲಾಸ್ಟರ್ ಬಾಯಿ. ಪುಣ್ಯಕ್ಕೆ ನಾನು ಕಿರುಚಲಿಲ್ಲ, ಕಿರುಚಿದ್ದು ಹೆಂಡತಿ.

"ಗೊತ್ತಿದ್ದೂ ಯಾಕೆ ಹೇಳಲಿಲ್ಲ ಮಗಳೇ?"

"ಹೇಳಿದೆನಲ್ಲ. ಮೊದಲಿಂದಲೂ ಹೀಗೇ ಇದೆ ಅಂದೆ. ಅವಳು ನಾನಲ್ಲ ಅಂದೆ. ನೀನು ಸುಮ್ನಿರು ಅಂದೆ." ಅವಳ ಧ್ವನಿಯಲ್ಲಿ ಕೋಪವಿರಲಿಲ್ಲ, ಅದೇ ನನಗೆ ತಾಗಿದ್ದು. "ನೀನೇ ಮಾಡಿದ್ದು, ನೀನೇ ಹೇಳಲಿ ಅಂತ ಕಾಯ್ತಿದ್ದೆ. ನಾಳೆವರೆಗೂ ಹೇಳದಿದ್ದರೆ ಡಾಕ್ಟರ್ ಆಂಟಿಗೆ ನಾನೇ ಹೇಳ್ತಿದ್ದೆ."

"ನಿನಗೆ ಹೇಗೆ ಗೊತ್ತಾಯ್ತು?"

"ಹನ್ನೆರಡು ವರ್ಷ ತುಂಬಿದಾಗ ಶಾಲೆ ಬಿಟ್ಟು ಅಂಗಡಿಗೆ ಬಂದಿದ್ದೆ. ನೀನು ಯಾರ ಜೊತೆಗೋ ಫೋನಲ್ಲಿ ಮಾತಾಡ್ತಾ ಇದ್ದೆ. ಪರದೆ ಮೇಲೆ ನನ್ನ ಫೋಟೋ ಇತ್ತು. ನೀನು ನೋಡಲೂ ಇಲ್ಲ, ಹಲ್ಲು ಹೋಗಿಬಿಡ್ತು. ನಿನಗೆ ಅವಳೇ ಇಷ್ಟ ಅಂದ್ಕೊಂಡೆ."

ಅಂಗೈ ಯಾವಾಗಿಂದ ಬಾಯಿಗೆ ಅಡ್ಡ ಬಂತು ಎಂದು ನಾನು ಎಂದೂ ಲೆಕ್ಕ ಹಾಕಿರಲಿಲ್ಲ. ಆ ಹೊತ್ತು ಹಾಕಿದೆ. ಅದೇ ವರ್ಷ. ನಾನು ಅಲ್ಲೇ ಗೋಡೆಗೊರಗಿ ನೆಲದ ಮೇಲೆ ಕೂತುಬಿಟ್ಟೆ. ತಪ್ಪಾಯಿತು ಎಂದೆ. ಅದೇನು ಕ್ಷಮೆಯ ಭಾಷಣವಾಗಿರಲಿಲ್ಲ, ಎರಡೇ ಪದ. ಗುಬ್ಬಿ ಬಂದು ಪಕ್ಕದಲ್ಲಿ ಕೂತಳು.

"ಮತ್ತೆ ಆ ಅಚ್ಚುಗಳನ್ನ ದಿನಾ ತಿರುಗಿಸಿ ಇಡ್ತಿದ್ದದ್ದು?" ಎಂದು ಹೆಂಡತಿ ಸಾವರಿಸಿಕೊಂಡು ಕೇಳಿದಳು.

"ನಾನೇ. ಈ ಮನೇಲಿ ನನ್ನ ಥರ ಇರೋದು ಅವೆರಡೇ. ಅವನ್ನೂ ಗೋಡೆ ಕಡೆ ತಿರುಗಿಸಿ ಇಟ್ರೆ ಹೇಗೆ?"

ಗುರುವಾರ ಬೆಳಿಗ್ಗೆ ಸ್ಕ್ಯಾನಿನ ಚೀಟಿ ತರಲು ಹೆಂಡತಿ ಮಗಳ ಜೊತೆ ಹೋದವನು ಡಾಕ್ಟರ ಎದುರು ತಪ್ಪೊಪ್ಪಿಗೆ ಮಾಡಿಕೊಂಡೆ. ಹೆಂಡತಿ ಒಂದೂ ವಿವರ ತಪ್ಪಿಹೋಗದಂತೆ ಪಕ್ಕದಿಂದ ನೆರವಾದಳು. ಮಾವನವರ ಫೋಟೋವನ್ನೂ ಸಾಕ್ಷಿಗೆಂದು ತಂದಿದ್ದಳು.

ಡಾಕ್ಟರ್ ನಗುತ್ತಾರೆಂದುಕೊಂಡಿದ್ದೆ. ಅವರು ಮಾವನವರ ಫೋಟೋವನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದರು. "ನಿಮ್ಮ ಸ್ಟುಡಿಯೋ ಕಾಲೇಜಿನ ಎದುರು ಇದೆಯಾ ಸರ್? ಹೊರಗೆ ಗಾಜಿನ ಷೋಕೇಸು?"

"ಹೌದು."

"ಹನ್ನೆರಡು ವರ್ಷದ ಹಿಂದೆ, ಷೋಕೇಸಿಗೆ ಇಡೋಕೆ ಒಂದು ಚೆಂದದ ನಗು ಬೇಕು ಅಂತ ಒಬ್ಬಳು ವಿದ್ಯಾರ್ಥಿನಿಯನ್ನ ಕೂರಿಸಿ ಫೋಟೋ ತೆಗೆದಿದ್ರಾ?"

ಡಾಕ್ಟರ್ ನಿಧಾನವಾಗಿ ಮಾಸ್ಕು ಕೆಳಗಿಳಿಸಿದರು. ಮುಂದಿನ ಹಲ್ಲಿನ ತುದಿಯಲ್ಲಿ, ಅಕ್ಕಿ ನುಚ್ಚಿನಷ್ಟು, ಒಂದು ಮುಕ್ಕು.

"ಚಿಕ್ಕೋಳಿದ್ದಾಗ ಹಲ್ಲಲ್ಲಿ ದಾರ ಕಡಿದು ಆಗಿದ್ದು," ಎಂದರು. "ಇವು ನನ್ನ ಹಲ್ಲು."

ಅವರು ಮಾವನವರ ಫೋಟೋದಲ್ಲಿ ನಗುತ್ತಿದ್ದ ತಮ್ಮ ಹಲ್ಲನ್ನೇ ನೋಡುತ್ತ, "ಎಷ್ಟು ಜನಕ್ಕೆ ಹಾಕಿದ್ದೀರಿ?" ಎಂದು ಕೇಳಿದರು.

"ಲೆಕ್ಕ ಇಟ್ಟಿಲ್ಲ ಮೇಡಂ."

"ಇಲ್ಲಿಗೆ ಬರೋರು ಎಷ್ಟೋ ಜನ, ಮದುವೆ ಫೋಟೋ ತೋರಿಸಿ, ನನ್ನ ಹಲ್ಲು ಆಗ ಹೀಗಿತ್ತು ಮೇಡಂ, ಈಗ ನೋಡಿ ಏನಾಗಿದೆ, ಮೊದಲಿನ ಹಾಗೆ ಮಾಡಿಕೊಡಿ ಅಂತಾರೆ. ಎರಡು ವರ್ಷದಿಂದ ನಾನು ಈ ಊರಿನ ನೀರನ್ನ ಪರೀಕ್ಷೆಗೆ ಕಳಿಸ್ತಾ ಇದ್ದೀನಿ." ಅಷ್ಟು ಹೇಳಿ ಅವರು ಕೊನೆಗೂ ನಕ್ಕರು. ನಾನು ಮಾತ್ರ ನಗಲಾರದೆ ಹೋದೆ. ಇಷ್ಟು ವರ್ಷ ನಾನು ಊರಿನ ಎಲ್ಲರ ಮುಖದಲ್ಲಿ ನೋಡಿದ ನಗು ಎದುರಿಗೆ ಕೂತು, ಮೊದಲ ಬಾರಿಗೆ, ಅದರದೇ ಮುಖದಲ್ಲಿ ನಗುತ್ತಿತ್ತು.

ಸ್ಕ್ಯಾನಿನ ಚೀಟಿ ಹರಿದು ಬುಟ್ಟಿಗೆ ಹೋಯಿತು. ಡಾಕ್ಟರ್ ಮಗಳ ಕಡೆ ತಿರುಗಿದರು. "ನಿನಗೆ ಎರಡರಲ್ಲಿ ಯಾವುದಾದರೂ ಆಗತ್ತೆ. ಯಾವುದು ಬೇಕು ನಿನಗೆ?"

ನಾನು ಹೆಂಡತಿಯನ್ನು ನೋಡಿದೆ, ಹೆಂಡತಿ ನನ್ನನ್ನು. ಒಂದು ತಿಂಗಳಿಂದ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ.

"ಕ್ಲಿಪ್," ಎಂದಳು ಗುಬ್ಬಿ.

"ಎಲ್ಲರಿಗೂ ಕಾಣತ್ತಲ್ಲ ಮಗಳೇ," ಎಂದುಬಿಟ್ಟೆ.

"ಅದಕ್ಕೇ. ಫೋಟೋದಲ್ಲೂ ಕಾಣಲಿ."

ಆ ಮಧ್ಯಾಹ್ನ ಅಂಗಡಿಯಲ್ಲಿ ಕೂತು ಗುಬ್ಬಿಯ ಹಳೆಯ ಫೋಟೋಗಳ ಮೂಲಪ್ರತಿ ಹುಡುಕಿದೆ. ಇರಲಿಲ್ಲ. ಒಪ್ಪ ಮಾಡಿದ್ದನ್ನು ಉಳಿಸಿ, ಮೂಲವನ್ನು ಜಾಗ ಸಾಲದೆಂದು ಅಳಿಸುವುದು ನನ್ನ ಪದ್ಧತಿ. ನನ್ನ ಮಗಳ ಎರಡು ವರ್ಷದ ನಗು ಫೋಟೋಗ್ರಾಫರನಾದ ನನ್ನ ಹತ್ತಿರವೇ ಇಲ್ಲ. ಇರುವುದು ಆ ಎರಡು ಪ್ಲಾಸ್ಟರ್ ಅಚ್ಚು. ಒಂದನ್ನು ಷೋಕೇಸಿನಲ್ಲಿ, ಹಳೆಯ ನಗುವಿದ್ದ ಜಾಗದಲ್ಲಿ, ಬೀದಿಗೆ ಮುಖ ಮಾಡಿ ಇಟ್ಟಿದ್ದೇನೆ. ಹೆದರಿ ಕೆಲವರು ಆಚೆ ಬದಿಯಿಂದ ಹೋಗುತ್ತಾರೆ. ಹೋಗಲಿ.

ಕ್ಲಿಪ್ ಹಾಕಿದ ಮೂರನೆಯ ದಿನ ಗುಬ್ಬಿ ತಾನಾಗಿಯೇ ಸ್ಟೂಲಿನ ಮೇಲೆ ಬಂದು ಕೂತಳು. ನಾನು "ನಗು" ಎನ್ನಲಿಲ್ಲ. ಅವಳೇ ನಕ್ಕಳು, ತಂತಿ, ಕೊಂಡಿ, ಹೆಗಲೇರಿದ ಕೋರೆಹಲ್ಲು ಎಲ್ಲ ಹೊರಗೆ, ಕೈ ಮಡಿಲಲ್ಲಿ. ಇಪ್ಪತ್ತೆರಡು ವರ್ಷದಲ್ಲಿ ನಾನು ತೆಗೆದ ಅತ್ಯುತ್ತಮ ಫೋಟೋ ಅದು. 'ಹಲ್ಲು ಒಂದು' ಆಗಲೇ ಡಾಕ್ಟರಿಗೆ ವಾಪಸು ಕೊಟ್ಟು ಅಳಿಸಿಯಾಗಿತ್ತು. ಇನ್ನು ಈ ಮುಖದ ಒಂದು ಚುಕ್ಕೆಯನ್ನೂ ಮುಟ್ಟೆನು ಎಂದು ಹೆಂಡತಿಯ ಎದುರು ಪ್ರತಿಜ್ಞೆ ಮಾಡಿ, ಮುದ್ರಿಸಿ, ಕಟ್ಟು ಹಾಕಿಸಿ, ಗೋಡೆಯ ನಟ್ಟನಡುವೆ ತೂಗುಹಾಕಿದೆ.

ಮೂವರೂ ಎದುರು ನಿಂತೆವು. ಹೆಂಡತಿ ಭೂತಗನ್ನಡಿ ತೆಗೆದು ಹಲ್ಲು ಹಲ್ಲಾಗಿ ತಪಾಸಣೆ ನಡೆಸಿದಳು.

"ಎಲ್ಲ ಇವಳವೇ," ಎಂದು ತೀರ್ಪು ಕೊಟ್ಟಳು. ನನ್ನ ಎದೆ ಸ್ವಲ್ಪ ಉಬ್ಬಿತು.

ಗುಬ್ಬಿ ಫೋಟೋದ ಹತ್ತಿರ ಹೋದಳು. ತಲೆ ಓರೆ ಮಾಡಿದಳು.

"ಅಪ್ಪಾ."

"ಹೇಳು ಮಗಳೇ."

"ನನ್ನ ಗದ್ದದ ಮಚ್ಚೆ ಎಲ್ಲಿ?"

ಗುಬ್ಬಿಗೆ ಕಣ್ಣು, ಮೂಗು, ಹಲ್ಲು, ಹಟ ಎಲ್ಲ ತಾಯಿಯ ಕಡೆಯದು. ನನ್ನಿಂದ ಬಂದದ್ದು ಸಾಸಿವೆ ಕಾಳಿನಷ್ಟು ಒಂದು ಮಚ್ಚೆ, ಗದ್ದದ ಬಲಗಡೆ, ನನಗಿರುವ ಜಾಗದಲ್ಲೇ. ಫೋಟೋದಲ್ಲಿ ಆ ಜಾಗ ನುಣ್ಣಗಿತ್ತು. ಹೆಂಡತಿ ಗೋಡೆಯುದ್ದಕ್ಕೂ ಭೂತಗನ್ನಡಿ ಹಿಡಿದು ಹೋದಳು. ಹದಿಮೂರರಲ್ಲಿ ಇಲ್ಲ. ಹನ್ನೆರಡರಲ್ಲಿ ಇಲ್ಲ. ಮದುವೆ ಫೋಟೋದಲ್ಲಿ ನನ್ನ ಮುಖದ ಮೇಲೆ ನಿಂತಳು. ಅಲ್ಲೂ ಇಲ್ಲ.

ನನ್ನ ಎಡಗೈಯ ಕಿರುಬೆರಳು ಮತ್ತೆ ಅದುರುತ್ತಿತ್ತು. ಅದನ್ನು ಬಲಗೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ಬಚ್ಚಲುಮನೆಗೆ ಓಡಿ, ಬಾಗಿಲು ಹಾಕಿ, ಕನ್ನಡಿಯಲ್ಲಿ ನನ್ನ ಗದ್ದ ನೋಡಿಕೊಂಡೆ.

ಸದ್ಯ, ಇತ್ತು.